ಜ್ಯಾಕ್ ಸಾಹೇಬನ ಹಣ್ಣು

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಚಿಪ್ಸ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನ್ನ ಮೊದಲ ಕೆಲಸ. ಪ್ಯಾಕೆಟಿನ ಮೇಲೆ ಏನೇ ಅಚ್ಚಾಗಬೇಕಿದ್ದರೂ ನಾನು ಓದಿ ಸಹಿ ಹಾಕಬೇಕು. ಹಲಸಿನ ಚಿಪ್ಸಿನ ಹೊಸ ಪ್ಯಾಕೆಟಿನ ಹಿಂಬದಿಗೆ ಹೀಗೆ ಬರೆದಿತ್ತು: 'ಜ್ಯಾಕ್ ಎಂಬ ಇಂಗ್ಲಿಷ್ ಸಾಹೇಬ ಕಂಡುಹಿಡಿದ ಹಣ್ಣು, ಅದಕ್ಕೇ ಜ್ಯಾಕ್‌ಫ್ರೂಟ್.' ನಾನು ಸಹಿ ಹಾಕಲಿಲ್ಲ.

ಬರೆದವರು ಉಡುಪಿ ಕಡೆಯ ನಮ್ಮ ಮ್ಯಾನೇಜರ್. ಎಲ್ಲರೂ ಅವರನ್ನು ಸಾಹೇಬ್ ಎನ್ನುತ್ತಿದ್ದರು. ನನ್ನನ್ನು ಖಾಯಂ ಮಾಡುವ ಪತ್ರ ಅವರ ಮೇಜಿನ ಮೇಲೇ ಇತ್ತು.

"ಎಂಥದು ಮಾರಾಯ, ಕಥೆಗೂ ಲ್ಯಾಬ್ ಟೆಸ್ಟಾ?"

"ಕಥೆ ತಪ್ಪು, ಸಾಹೇಬ್. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆಯಿತು. ಇಂಗ್ಲಿಷರು ಅದನ್ನೇ ಜ್ಯಾಕ್ ಮಾಡಿದರು."

"ನಿನಗೆ ಯಾರು ಹೇಳಿದ್ದು?"

"ನಿಘಂಟು." ಅಷ್ಟರಲ್ಲಿ ಪ್ಯಾಕಿಂಗಿನಲ್ಲಿದ್ದ ಕೇರಳದ ಅಕ್ಕ, ನಮ್ಮೆಲ್ಲರ ಚೇಚಿ, ಹಲಸಿನ ಸ್ಯಾಂಪಲ್ ತಂದರು. "ಚೇಚಿ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?"

"ಚಕ್ಕ. ಯಾಕೆ, ಕೆಟ್ಟಿದೆಯಾ?"

ಸಾಹೇಬರು ಪತ್ರವನ್ನು ಡ್ರಾಯರಿಗೆ ತಳ್ಳಿದರು. "ಸಹಿ ಹಾಕು, ಇಲ್ಲದಿದ್ದರೆ ಬೇರೆ ಕೆಲಸ ನೋಡು."

"ನೋಡುತ್ತೇನೆ. ನಮ್ಮ ಹಿತ್ತಲ ಹಣ್ಣನ್ನು ಇಲ್ಲದ ಸಾಹೇಬನ ಹೆಸರಿಗೆ ಬರೆದುಕೊಡಲಾರೆ."

ನನ್ನ ಸಹಿಯಿಲ್ಲದೆ ಪ್ಯಾಕೆಟ್ ಪ್ರೆಸ್ಸಿಗೆ ಹೋಗುವಂತಿರಲಿಲ್ಲ. ಕೊನೆಗೆ ಅವರೇ ಆ ಸಾಲನ್ನು ಹೊಡೆದುಹಾಕಿದರು. ಪತ್ರ ಎರಡು ತಿಂಗಳು ತಡವಾಗಿ ಕೈಸೇರಿತು. ಅಷ್ಟರೊಳಗೆ ಅವರು ಸಿಟ್ಟಿಗೆ ನನ್ನನ್ನು ಜ್ಯಾಕ್ ಎಂದು ಕರೆಯತೊಡಗಿದ್ದರಿಂದ ಇಡೀ ಫ್ಯಾಕ್ಟರಿಗೆ ನಾನು ಜ್ಯಾಕ್ ಆಗಿದ್ದೆ.

ಈ ಜ್ಯಾಕ್ ಎಂಬ ಹೆಸರು ಮಾತ್ರ ನಿಜಕ್ಕೂ ಒಬ್ಬ ಸಾಹೇಬರಿಂದಲೇ ಬಂದದ್ದು. ಬೇಕಿದ್ದರೆ ಸಹಿ ಹಾಕುತ್ತೇನೆ.