ಕನಸಿನಲ್ಲಿ ಆಡಿದ ಕನ್ನಡ

ಮಿಯಾಪುರಕ್ಕೆ ಮೆಟ್ರೋ ಓಡಲು ಶುರುವಾದ ಹೊಸತು. ನಾನಾಗ ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞೆ. ನಿದ್ದೆಯನ್ನು ಪರೀಕ್ಷಿಸುವ ಸ್ಲೀಪ್ ಲ್ಯಾಬ್ ಕೂಡ ನನ್ನ ಹೊಣೆಯಾಗಿತ್ತು. ಒಂದು ಬೆಳಿಗ್ಗೆ ಮೂವರು ಬಂದರು. ನಾರಾಯಣಗೂಡದ ಕಾಲೇಜಿನಲ್ಲಿ ಗಣಿತ ಕಲಿಸುವ ಬಸವರಾಜ, ಐವತ್ತೈದು ದಾಟಿದವರು, ರಾಯಚೂರು ಕಡೆಯವರು. ಹೆಂಡತಿ ಲಲಿತಾ ವರಂಗಲ್ಲಿನ ತೆಲುಗಿನಾಕೆ. ಆಕೆಯ ಎಡಗಣ್ಣು ಕಪ್ಪಗೆ ಬಾತಿತ್ತು. ಆಕೆಯ ಅಣ್ಣ ಕೂರಲು ಒಪ್ಪದೆ ಬಾಗಿಲಲ್ಲೇ ನಿಂತ.

ತಡವಾಗಿ ಕೂಡಿಬಂದ ಮದುವೆ ಅದು, ಮನೆಮಾತು ತೆಲುಗು. ಕೆಲವು ತಿಂಗಳಿಂದ ಬಸವರಾಜ ನಿದ್ದೆಯಲ್ಲಿ ಕೂಗುತ್ತಿದ್ದರು, ಒದೆಯುತ್ತಿದ್ದರು. ಈ ಸಲ ಮುಷ್ಟಿ ಹೆಂಡತಿಯ ಕಣ್ಣಿಗೇ ಬಿದ್ದಿತ್ತು. "ಈ ನಿದ್ದೆಯ ಕತೆ ನಾಟಕ ಅಂತ ಗೊತ್ತಾಗಲಿ, ಪೊಲೀಸ್ ಸ್ಟೇಷನ್ನಿಗೆ ಹೋಗಿಯೇ ತಂಗಿಯನ್ನು ಊರಿಗೆ ಕರೆದೊಯ್ಯುತ್ತೇನೆ," ಎಂದ ಅಣ್ಣ ತೆಲುಗಿನಲ್ಲಿ.

ಲಲಿತಾಳಿಗೆ ಪೆಟ್ಟಿಗಿಂತ ಮಾತು ನೋಯಿಸಿತ್ತು. "ಹೊಡೆಯುವಾಗ 'ನಿಂದ, ನಿಂದ' ಅಂತಾರೆ ಮೇಡಂ," ಎಂದಳು. ತೆಲುಗಿನಲ್ಲಿ ನಿಂದ ಅಂದರೆ ಅಪವಾದ. ಹಗಲು ನುಂಗಿಕೊಂಡ ಅನುಮಾನವನ್ನು ಗಂಡ ರಾತ್ರಿ ಕಕ್ಕುತ್ತಿದ್ದಾನೆ ಎಂದು ಆಕೆ ನಂಬಿದ್ದಳು.

ನಾನು ಕಲಬುರಗಿಯವಳೆಂದು ತಿಳಿದದ್ದೇ ಬಸವರಾಜ ಕನ್ನಡಕ್ಕೆ ಹೊರಳಿದರು. "ನಾ ಯಾರ ಮ್ಯಾಲೂ ಕೈ ಎತ್ತಿದವಲ್ರಿ ಮೇಡಂ. ಮುಂಜಾನೆ ಆಕಿ ಮಾರಿ ನೋಡಾಕ ಆಗವಲ್ದು."

ಮಿದುಳನ್ನು ಬೆನ್ನುಹುರಿಗೆ ಕೂಡಿಸುವ ಮಿದುಳುಕಾಂಡದಲ್ಲಿ ಕೆಲವು ನರಕೋಶಗಳಿವೆ. ರೆಮ್ ಎಂದು ನಾವು ಕರೆಯುವ ಕನಸಿನ ನಿದ್ದೆ ಶುರುವಾದೊಡನೆ ಅವು ಕೈಕಾಲುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತವೆ. ಉಸಿರಿಗೆ, ಕಣ್ಣಿಗೆ ಮಾತ್ರ ವಿನಾಯಿತಿ. ಹಾಗಾಗಿ ನಾವು ಕನಸಿನಲ್ಲಿ ಎಷ್ಟು ಓಡಿದರೂ ಹಾಸಿಗೆ ಬಿಡುವುದಿಲ್ಲ. ಆ ಕೋಶಗಳು ಸೊರಗಿದರೆ ಕನಸಿನ ಏಟು ನಿಜವಾಗಿ ಬೀಳುತ್ತದೆ. ನನ್ನ ಗುಮಾನಿ ಅದೇ. ಆದರೆ ಲ್ಯಾಬಿನಲ್ಲಿ ಅವರು ಕದಲದೆ ಮಲಗಿಬಿಟ್ಟರೆ ಅಣ್ಣನಿಗೆ ಏನು ಹೇಳಲಿ? ನನಗೆ ನಿಜಕ್ಕೂ ಭಯವಾಗಿತ್ತು.

ಒಂದು ರಾತ್ರಿ ಅವರಿಗೆ ತಂತಿಗಳನ್ನು ಅಂಟಿಸಿ ಲ್ಯಾಬಿನ ಕ್ಯಾಮೆರಾದ ಎದುರು ಮಲಗಿಸಿದೆವು. ಮರುದಿನ, ಬಸವರಾಜರ ಒಪ್ಪಿಗೆ ಪಡೆದು, ಎಲ್ಲರ ಎದುರೇ ರೆಕಾರ್ಡಿಂಗ್ ಹಾಕಿದೆ. ಬಹಳ ಹೊತ್ತು ಏನೂ ಇಲ್ಲ. ಅಣ್ಣ ಗಡಿಯಾರ ನೋಡಿದ. ಆಮೇಲೆ ರೆಮ್ ಬಂತು. ಗದ್ದದ ಸ್ನಾಯುವಿನ ಬಿಗಿತ ತೋರಿಸುವ ಗೆರೆ ನೆಟ್ಟಗೆ ಮಲಗಿರಬೇಕಾದ ಜಾಗದಲ್ಲಿ ಎದ್ದೆದ್ದು ಕುಣಿಯಿತು. ಪರದೆಯ ಮೇಲೆ ಬಸವರಾಜ ಕಣ್ಣು ಮುಚ್ಚಿಕೊಂಡೇ ಗಾಳಿಗೆ ಗುದ್ದಿದರು, ಕೂಗಿದರು: "ಹಚ್ಯಾ! ಹಚ್ಯಾ! ಲಲಿತಾ, ಹಿಂದ ನಿಂದ್ರು... ನನ್ನ ಹಿಂದ ನಿಂದ್ರು!"

ರೆಕಾರ್ಡಿಂಗ್ ನಿಲ್ಲಿಸಿದೆ. ಹಚ್ಯಾ ಎಂಬುದು ನಮ್ಮ ಕಡೆ ನಾಯಿ ಓಡಿಸುವ ಮಾತು. ನಿಂದ್ರು ಅಂದರೆ ನಿಲ್ಲು. "ಅದು ನಿಂದ ಅಲ್ಲಮ್ಮ," ಎಂದೆ ತೆಲುಗಿನಲ್ಲಿ, "ನಾಯಿ ಮೇಲೆ ಬೀಳುತ್ತಿದೆ, ನನ್ನ ಬೆನ್ನ ಹಿಂದೆ ನಿಲ್ಲು ಎನ್ನುತ್ತಿದ್ದಾರೆ." ಅಣ್ಣ ಬಂದು ಕುರ್ಚಿಯಲ್ಲಿ ಕೂತ.

ಮಾತ್ರೆ ಬರೆದೆ, ಸದ್ಯಕ್ಕೆ ಹಾಸಿಗೆ ಬೇರೆ ಮಾಡಿ ಎಂದೆ. ಮುಂದೊಂದು ದಿನ ಇದು ಪಾರ್ಕಿನ್ಸನ್ ಕಾಯಿಲೆಗೆ ತಿರುಗಬಹುದೆಂಬ ಕಹಿಯನ್ನೂ ಮುಚ್ಚಿಡಲಿಲ್ಲ. ಬಸವರಾಜರ ಮುಖ ಇಳಿಯಿತು. ಲಲಿತಾ ಅವರ ಕೈ ಹಿಡಿದು ತನ್ನ ಹರಕು ಕನ್ನಡದಲ್ಲಿ, "ಹಿಂದ ಯಾಕ? ಬಾಜೂಕ ನಿಂದ್ರತೀನಿ," ಎಂದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಕಿವಿಯಾರೆ ಕೇಳಿದ್ದಕ್ಕೂ ಅದು ಸಲ್ಲುತ್ತದೆ. ನಿವೃತ್ತಳಾಗುವವರೆಗೂ ಇಂಥ ರೋಗಿಗಳನ್ನು ನಾನು ಮೊದಲು ಕೇಳುತ್ತಿದ್ದುದು ಒಂದೇ: ಕನಸಿನಲ್ಲಿ ನೀವು ಯಾವ ಭಾಷೆ ಆಡುತ್ತೀರಿ?