ಅವಳ ಪರವಾಗಿ ಅಂದ ಹೂಂ

ಗಾಜಿನ ಬಳೆಗೆ ವಾಸನೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಣಹುಲ್ಲು, ಹಳೆಯ ಪೇಪರು, ಅಂಗಡಿಯ ಧೂಳು ಸೇರಿದ ಒಂದು ವಾಸನೆ ಅದಕ್ಕಿದೆ. ಕಳೆದ ವಾರ ಮೊಮ್ಮಗಳ ಮದುವೆಗೆಂದು ಪುತ್ತೂರಿನಿಂದ ತಂದ ಹಸಿರು ಬಳೆಗಳ ಕಟ್ಟು ಬಿಚ್ಚಿದಾಗ ಅದೇ ವಾಸನೆ ಬಂತು. ಮನೆ ತುಂಬ ಗಲಾಟೆ, ನಗು. ನಾನು ಮಾತ್ರ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಅವಳು ನೆನಪಾದಳು... ಆಚೆಮನೆಯವಳು.

ಕುಂಬ್ರದ ಹತ್ತಿರ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಬೇಲಿ ಮಾತ್ರ. ಇಬ್ಬರದೂ ಒಂದೇ ವಯಸ್ಸು, ಕೈಯ ಅಳತೆಯೂ ಒಂದೇ. ಒಂದು ಡಜನ್ ಬಳೆ ತಂದರೆ ಆರು ಅವಳಿಗೆ, ಆರು ನನಗೆ. ನಮ್ಮ ಕಡೆ ಮದುಮಗಳ ಜೊತೆಗಾತಿಯಾಗಿ ಮದುವೆಯಾಗದ ಹುಡುಗಿಯೊಬ್ಬಳು ಇರಬೇಕು. ಅವಳೇ ಮದುಮಗಳನ್ನು ಶೃಂಗರಿಸಬೇಕು, ಪಕ್ಕದಲ್ಲಿ ಕೂರಬೇಕು, ದಿಬ್ಬಣದ ಜೊತೆ ಗಂಡನ ಮನೆಯವರೆಗೆ ಹೋಗಿ ಬಿಟ್ಟು ಬರಬೇಕು. ಯಾರ ಮದುವೆ ಮೊದಲಾದರೂ ಇನ್ನೊಬ್ಬಳೇ ಜೊತೆಗಾತಿ ಎಂದು ನಾವು ಎಂದೋ ಮಾತಾಡಿಕೊಂಡಿದ್ದೆವು.

ಹದಿನಾರು ತುಂಬಿ ಹದಿನೇಳಕ್ಕೆ ಬಿದ್ದಾಗ ಅವಳ ಮನೆಯಲ್ಲಿ ಗಂಡು ಹುಡುಕಲು ಶುರುಮಾಡಿದರು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಮೆಲ್ಲಗೆ ಹೇಳಿದಳು.

"ನಂಗೆ ಮದುವೆಯೇ ಬೇಡ ಮಾರಾಯ್ತಿ. ಟ್ರೈನಿಂಗಿಗೆ ಹೋಗಿ ಟೀಚರ್ ಆಗುದು ನಾನು. ಅಮ್ಮನ ಹತ್ರ ನೀನೇ ಒಂದು ಮಾತು ಹೇಳು. ನಾನು ಹೇಳಿದ್ರೆ ಬೈತಾರೆ."

"ಹೂಂ, ಹೇಳ್ತೇನೆ" ಅಂದೆ.

ಹೇಳಲಿಲ್ಲ. ಅವಳ ಅಮ್ಮನನ್ನು ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಪ್ರೀತಿ ಬಹಳ, ಆದರೆ ಬಾಯಿ ಜೋರು. ಇವತ್ತು ಬೇಡ, ನಾಳೆ ನೋಡುವ ಎಂದು ಮುಂದೂಡಿದೆ. ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಹನ್ನೆರಡನೆಯ ದಿನ ಹೋಗಿಯೇ ಬಿಟ್ಟಳು. ಗಟ್ಟಿಯಾಗಿ ಅಳುವುದಕ್ಕೂ ನನಗೆ ನಾಚಿಕೆಯಾಯಿತು. ಅವಳು ಒಪ್ಪಿಸಿದ ಮಾತು ಹೇಳದೆಯೇ ಉಳಿದಿತ್ತು.

ಮುಂದೆ ಟ್ರೈನಿಂಗಿಗೆ ಹೋದದ್ದು ನಾನು. ಅವಳ ಆಸೆಯನ್ನು ಎತ್ತಿಕೊಂಡು ಓಡಿದೆನೋ ಎಂಬ ಅನುಮಾನ ನನಗೆ ಈಗಲೂ ಇದೆ. ಬೆಳ್ಳಾರೆಯ ಕಡೆ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಇಪ್ಪತ್ತನಾಲ್ಕು ತುಂಬಿದರೂ ಮದುವೆಯಾಗಿರಲಿಲ್ಲ. ರಜೆಗೆ ಮನೆಗೆ ಬಂದಿದ್ದಾಗ ಚಿಕ್ಕಮ್ಮ ಬೇಲಿ ದಾಟಿ ಬಂದರು. ಅವರ ಬಾಯಿಯ ಜೋರೆಲ್ಲ ಆ ಏಳು ವರ್ಷಗಳಲ್ಲಿ ಇಳಿದುಹೋಗಿತ್ತು.

"ಮಗನಿಗೆ ಮೂರು ಸಂಬಂಧ ತಪ್ಪಿತು ಮಗಾ. ಜೋಯಿಸರ ಹತ್ರ ಕೇಳಿಸಿದೆ. ಮದುವೆಯ ಪ್ರಾಯದವಳು ಒಬ್ಬಳು ಮನೆಯಲ್ಲೇ ಕಾಯ್ತಾ ಇದ್ದಾಳೆ ಅಂತ ಬಂತು. ಬೆಟ್ಟಂಪಾಡಿ ಕಡೆಯ ಹುಡುಗ ಒಬ್ಬ ಉಂಟು, ಸಣ್ಣದರಲ್ಲೇ ತೀರಿಕೊಂಡದ್ದು. ಒಳ್ಳೆಯ ಮನೆತನ. ನೀನು ಜೊತೆಗೆ ನಿಲ್ತೀಯಲ್ಲಾ?"

ನಮ್ಮಲ್ಲಿ ಹೀಗೆ ತೀರಿಹೋದವರಿಗೆ ತೀರಿಹೋದವರನ್ನೇ ಹುಡುಕಿ ಮದುವೆ ಮಾಡುವ ಕ್ರಮವಿತ್ತು. ತುಳುವಿನಲ್ಲಿ ಕುಲೆ ಮದಿಮೆ, ಅಂದರೆ ಪ್ರೇತಗಳ ಮದುವೆ, ಎನ್ನುತ್ತಾರೆ. ಬದುಕಿದ್ದವರ ಮದುವೆಗೆ ಏನೇನು ಬೇಕೋ ಅದೆಲ್ಲ ಅದಕ್ಕೂ ಬೇಕು. ಚಿಕ್ಕಮ್ಮನ ಮುಖ ನೋಡಿ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಬಳೆ ತೆಗೆಯಲು ಇಬ್ಬರೂ ಕುಂಬ್ರ ಪೇಟೆಗೆ ಹೋದೆವು. ಅಂಗಡಿಯ ಬ್ಯಾರಿ ಸಾಹೇಬರು ಪೇಟೆಗೆ ಹೊಸಬರು, ನಮ್ಮ ಮನೆಯ ಸಂಗತಿ ತಿಳಿಯದವರು.

"ಮದುಮಗಳು ಎಲ್ಲಿ ಅಮ್ಮಾ? ಕೈ ನೋಡದೆ ಬಳೆ ಕೊಡುದು ಹೇಗೆ?"

ಚಿಕ್ಕಮ್ಮ ನನ್ನ ಕೈಯನ್ನು ಮುಂದಕ್ಕೆ ಚಾಚಿದರು. "ಇವಳದ್ದೇ ಅಳತೆ."

ನನ್ನ ಕೈ ಹದಿನೇಳರ ಕೈಯಾಗಿರಲಿಲ್ಲ. ದಪ್ಪಗಾಗಿತ್ತು. ಬ್ಯಾರಿ ಕೊಟ್ಟ ಬಳೆ ಅವಳ ಕೈಯಲ್ಲಿ ನಿಲ್ಲುವಂಥದ್ದಲ್ಲ. "ಚಿಕ್ಕಮ್ಮಾ, ಇದು ಅವಳಿಗೆ ದೊಡ್ಡದಾಗ್ತದೆ" ಎಂದು ಪಿಸುಗುಟ್ಟಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಎಂತ ಹೇಳ್ತಿ ಮಗಾ? ಏಳು ವರ್ಷ ಆಯ್ತಲ್ಲ... ಅವಳೂ ಬೆಳೆದಿದ್ದಾಳೆ, ನಿನ್ನ ಹಾಗೇ."

ಅಂಗಡಿಯ ಮುಂದೆ ನಿಂತಲ್ಲೇ ನನಗೆ ಅರ್ಥವಾಯಿತು. ಏಳು ವರ್ಷವೂ ಆ ತಾಯಿ ನನ್ನನ್ನು ನೋಡಿ ನೋಡಿ ಮಗಳನ್ನು ಬೆಳೆಸುತ್ತಿದ್ದರು. ನಾನು ಉದ್ದವಾದಾಗ ಅವಳೂ ಉದ್ದವಾಗಿದ್ದಳು, ನಾನು ಸೀರೆ ಉಟ್ಟಾಗ ಅವಳೂ ಉಟ್ಟಿದ್ದಳು. ಬ್ಯಾರಿ ಅಷ್ಟರಲ್ಲಿ ಬಳೆ ಕಟ್ಟಿಕೊಡುತ್ತಾ ಮಗಳು ಸುಖವಾಗಿರಲಿ ಅಂದರು. ಚಿಕ್ಕಮ್ಮ ದುಡ್ಡು ಎಣಿಸಿ ಕೊಟ್ಟರು.

ಮದುವೆ ನಡೆದದ್ದು ಚಿಕ್ಕಮ್ಮನ ಮನೆಯ ಚಾವಡಿಯಲ್ಲಿ, ಬೆಳಿಗ್ಗೆ. ಎರಡು ಮಣೆ. ಒಂದರಲ್ಲಿ ಹುಡುಗನ ಪಂಚೆ, ಶಾಲು. ಇನ್ನೊಂದರಲ್ಲಿ ಅವಳ ಸೀರೆ. ಸೀರೆಯ ನೆರಿಗೆ ಹಿಡಿದದ್ದು ನಾನು, ಮಲ್ಲಿಗೆ ಮುಡಿಸಿದ್ದೂ ನಾನು. ಬಳೆಗಳನ್ನು ಸೀರೆಯ ಮೇಲೆ ಜೋಡಿಸುವಾಗ ಒಂದು ಜಾರಿ ಒಡೆಯಿತು. ಪರವಾಗಿಲ್ಲ, ಒಂದು ಹೆಚ್ಚೇ ತಂದದ್ದು ಎಂದು ಯಾರೋ ಅಂದರು.

ಧಾರೆಗೆ ಮೊದಲು ಹುಡುಗನ ಕಡೆಯ ಹಿರಿಯರೊಬ್ಬರು ಕೇಳಿದರು. "ಹುಡುಗಿಗೆ ಒಪ್ಪಿಗೆ ಉಂಟಾ?"

ಅದಕ್ಕೆ ಉತ್ತರ ಕೊಡಬೇಕಾದವಳು ಜೊತೆಗಾತಿ. ಹಾಗೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಬಟ್ಟೆ ಒಗೆಯುವ ಕಲ್ಲು ಚಾವಡಿಯಿಂದ ಕಾಣುತ್ತಿತ್ತು. ನಂಗೆ ಮದುವೆಯೇ ಬೇಡ ಮಾರಾಯ್ತಿ... ಆ ಮಾತು ಗೊತ್ತಿದ್ದದ್ದು ಇಡೀ ಲೋಕದಲ್ಲಿ ನನಗೊಬ್ಬಳಿಗೆ. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕಾಯುತ್ತಿದ್ದರು.

"ಹೂಂ" ಅಂದೆ.

ಮಧ್ಯಾಹ್ನ ಬಾಡಿಗೆ ಜೀಪಿನಲ್ಲಿ ದಿಬ್ಬಣ ಹೊರಟಿತು. ಸೀರೆಯ ಕಟ್ಟು ನನ್ನ ಮಡಿಲಲ್ಲಿತ್ತು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ದಾರಿಯುದ್ದಕ್ಕೂ ನಾನು ಆ ಕಡೆ ತಿರುಗಿ ನೋಡಲಿಲ್ಲ. ಬೆಟ್ಟಂಪಾಡಿಯ ಮನೆಯಲ್ಲಿ ಹುಡುಗನ ತಾಯಿ ಆರತಿ ಎತ್ತಿ, ನನ್ನ ಪಕ್ಕಕ್ಕೆ ನೋಡುತ್ತಾ, "ಬಾ ಮಗಳೇ, ಬಲಗಾಲಿಟ್ಟು ಬಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕಟ್ಟನ್ನು ಅವರ ಕೈಗೆ ಕೊಟ್ಟು, ಅವಳನ್ನು ಅಲ್ಲಿ ಬಿಟ್ಟು, ನಾನು ಬಂದೆ.

ಆ ವರ್ಷವೇ ಚಿಕ್ಕಮ್ಮನ ಮಗನ ಮದುವೆ ಆಯಿತು. ಮಗಳು ಗಂಡನ ಮನೆಗೆ ಹೋದ ಮೇಲೆ ಎಲ್ಲವೂ ಸರಿಯಾಯಿತು ಎಂದು ಚಿಕ್ಕಮ್ಮ ಸಾಯುವವರೆಗೂ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

"ಅಜ್ಜೀ, ಎಲ್ಲಿದ್ದೀರಿ ನೀವು?" ಮೊಮ್ಮಗಳು ಪಕ್ಕ ಕೂತು, ಕಟ್ಟಿನಿಂದ ಒಂದು ಬಳೆ ತೆಗೆದು ತಮಾಷೆಗೆ ನನ್ನ ಕೈಗೆ ತೊಡಿಸಿದಳು. ಸಲೀಸಾಗಿ ಹೋಯಿತು. "ಎಷ್ಟು ಸಪೂರ ಆಗಿದೆ ನಿಮ್ಮ ಕೈ! ಹುಡುಗಿಯರ ಬಳೆ ಹಿಡೀತದಲ್ಲಾ!"

ಎಲ್ಲರೂ ಆಚೆ ಹೋದ ಮೇಲೆ ಅವಳ ಕೈ ಹಿಡಿದು ಕೇಳಿದೆ. "ನಿನಗೆ ಈ ಮದುವೆ ಇಷ್ಟ ಉಂಟಾ ಮಗಾ? ನಿಜ ಹೇಳು. ಬೇಡ ಆದ್ರೆ ನಾನು ಹೇಳ್ತೇನೆ."

"ಎಂತ ಅಜ್ಜೀ, ನಾನೇ ಮೆಚ್ಚಿಕೊಂಡದ್ದು! ಈಗ ಕೇಳುದಾ ಇದನ್ನು?" ಎಂದು ನಗುತ್ತಾ ಓಡಿದಳು.

ಹೌದು, ಈಗ ಕೇಳುವುದಲ್ಲ. ಬಳೆಯನ್ನು ಕೈಯಿಂದ ತೆಗೆಯಲು ಮನಸ್ಸಾಗಲಿಲ್ಲ. ಚಿಕ್ಕಮ್ಮನ ಲೆಕ್ಕದಲ್ಲಿ ಅವಳೂ ಈಗ ನನ್ನಷ್ಟೇ ಮುದುಕಿ, ಅವಳ ಕೈಯೂ ಹೀಗೇ ಸಪೂರವಾಗಿರಬೇಕು. ಪಕ್ಕದಲ್ಲಿ ಮೊಮ್ಮಗಳು ಎದ್ದುಹೋದ ಜಾಗ ಖಾಲಿ ಇತ್ತು. ಅವತ್ತು ಜೀಪಿನಲ್ಲಿ ತಿರುಗಿ ನೋಡದಿದ್ದವಳು, ಇವತ್ತು ಆ ಕಡೆ ತಿರುಗಿ, ಅರವತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ತಪ್ಪಾಯ್ತು ಮಾರಾಯ್ತಿ."