ಒಳಗೆ ಮಡಚಿಟ್ಟ ಬಟ್ಟೆ

ನಮ್ಮ ಓಣಿಯ ದರ್ಜಿಗೆ ಯಾರ ಮೈಯ ಮೇಲೂ ನಂಬಿಕೆಯಿರಲಿಲ್ಲ. ಯಾರೇ ಪ್ಯಾಂಟ್ ಹೊಲಿಸಲಿ, ಹಿಂದಿನ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಉಳಿಸುತ್ತಿದ್ದ. "ಇವತ್ತಲ್ಲ ನಾಳೆ ದಪ್ಪ ಆಗೇ ಆಗ್ತೀರಿ, ಆಗ ಬಿಚ್ಚೋಣ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ತನ್ನ ಪ್ಯಾಂಟನ್ನಂತೂ ಮೂರು ಸಲ ಬಿಚ್ಚಿದ್ದ. ನಾಲ್ಕನೆಯ ಸಲಕ್ಕೆ ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

ಆಗ ಡಾಕ್ಟರ ಬಳಿ ಹೋದ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿತ್ತು. ಅವರು ಅನ್ನ, ಬ್ರೆಡ್ಡು, ಸಿಹಿ ಬಿಡಿಸಿ, ಮೊಟ್ಟೆ, ಮೀನು, ಸೊಪ್ಪು, ಬೆಣ್ಣೆ ಬರೆದುಕೊಟ್ಟರು.

"ಬೆಣ್ಣೆ ತಿಂದು ಸಣ್ಣ ಆಗೋದಾ? ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು!" ಎಂದು ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದ. ಆದರೂ ತಿಂದ. ಮೊದಲ ವಾರ ತಲೆ ಭಾರವಾಗಿ ಗಿರಾಕಿಗಳ ಮೇಲೆಲ್ಲ ಎಗರಿಬಿದ್ದ. ಆಮೇಲೆ ಹನ್ನೊಂದು ಗಂಟೆಯ ಹಸಿವು ನಿಂತಿತು. ಊಟದ ನಂತರ ಮಿಷನ್ನಿನ ಮೇಲೆ ತೂಕಡಿಸುವುದೂ ನಿಂತಿತು. ಐದು ತಿಂಗಳಲ್ಲಿ ಸೊಂಟ ನಾಲ್ಕು ಇಂಚು ಇಳಿಯಿತು, ರಕ್ತದ ಸಕ್ಕರೆಯೂ ಇಳಿಯಿತು.

ಜಾರುತ್ತಿದ್ದ ಪ್ಯಾಂಟನ್ನು ಹಿಡಿದು ಹೊಲಿದುಕೊಂಡ. ಹೆಂಡತಿ ಅದನ್ನು ತಿರುವಿ ನೋಡಿದಳು. ನಾಲ್ಕು ಇಂಚೂ ಒಳಗೆ ಮಡಚಿಕೊಂಡು ಕೂತಿತ್ತು.

"ಇದನ್ನ ಯಾಕೆ ಇಟ್ಕೊಂಡಿದ್ದೀರಿ?"

"ಇರಲಿ ಬಿಡೇ, ಯಾವುದಕ್ಕೂ."

"ಯಾವುದಕ್ಕೂ ಅಂದ್ರೆ, ಬ್ರೆಡ್ಡಿಗಾ?"

ದರ್ಜಿ ಕತ್ತರಿ ತೆಗೆದುಕೊಂಡು, ನಲವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ, ಒಳಗಿನ ಬಟ್ಟೆಯನ್ನು ಕತ್ತರಿಸಿ ಎಸೆದ.